ಮಾಡು ಹತ್ತಿದವರು

ಮಲೆನಾಡಿನ ಹಳೆಯ ಮನೆಯೊಂದು ನೂರು ವರ್ಷ ಬಾಳಿದೆ ಎಂದರೆ ನೋಡಲು ಬಂದವರು ಮೊದಲು ಕಂಬ ಮುಟ್ಟುತ್ತಾರೆ. ಎಂಥ ಮರ, ಎಂಥ ಕೆತ್ತನೆ ಎನ್ನುತ್ತಾರೆ. ಮರ ಒಳ್ಳೆಯದೇ. ಆದರೆ ಹಲಸಾಗಲಿ ಸಾಗುವಾನಿಯಾಗಲಿ, ನಾಲ್ಕಾರು ಮಳೆಗಾಲ ಸೋರಿಕೆಯ ಕೆಳಗೆ ಕೂತರೆ ಗೋಡೆಯ ಮೇಲಿನ ತುದಿಯಿಂದ ಕುಂಬಾಗತೊಡಗುತ್ತದೆ. ಮನೆ ಉಳಿದಿರುವುದು ಪ್ರತಿ ವರ್ಷ ಯಾರೋ ಅದರ ಮಾಡು ಹತ್ತಿದ್ದರಿಂದ. ಕಂಬದ ಕೆತ್ತನೆಯ ಫೋಟೋ ಇರುವ ಪುಸ್ತಕಗಳು ಬೇಕಾದಷ್ಟಿವೆ. ಮಾಡು ಹತ್ತಿದವರ ಬಗ್ಗೆ ಓದಲು ನನಗೆ ಸಿಕ್ಕಿದ್ದು ತೀರ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಪಾಣೆಮಂಗಳೂರಿನ ಬಳಿ, ನೇತ್ರಾವತಿಯ ದಂಡೆಯಲ್ಲಿ. ಮದುವೆಯಾಗಿ ಬಂದದ್ದು ಹೊಸನಗರ ತಾಲ್ಲೂಕಿನ ಒಂದು ತೊಟ್ಟಿಮನೆಗೆ. ಎರಡು ಕಡೆಯೂ ಮಳೆಯ ಊರೇ, ಆದರೆ ಮಳೆ ಒಂದೇ ಬಗೆಯದಲ್ಲ. ಕರಾವಳಿಯಲ್ಲಿ ಗಾಳಿಯ ಜೊತೆ ಅಡ್ಡಡ್ಡವಾಗಿ ಬಂದು ಹೊಡೆಯುತ್ತದೆ, ನಡುವೆ ಹೊಳವಾಗಿ ಬಿಸಿಲನ್ನೂ ಕೊಡುತ್ತದೆ. ಘಟ್ಟದ ಮೇಲೆ ಜಡಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಆಗುಂಬೆಗೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ ಸುರಿದದ್ದು 4,508 ಮಿಲಿಮೀಟರ್. ಬೆಂಗಳೂರಿಗೆ ನಾಲ್ಕು ವರ್ಷದಲ್ಲೂ ಅಷ್ಟು ಬೀಳುವುದಿಲ್ಲ. ಅಂಥ ನೀರಿನಡಿಯಲ್ಲಿ ಮಣ್ಣಿನ ಗೋಡೆ, ಮರದ ತೊಲೆ, ಹುಲ್ಲಿನ ಮಾಡು ಇಟ್ಟುಕೊಂಡು ಜನ ಶತಮಾನಗಳ ಕಾಲ ಸಂಸಾರ ಮಾಡಿದರು.

ಈ ಸೀಮೆಯಲ್ಲಿ ಕಲ್ಲಿನಲ್ಲಿ ಕಟ್ಟಿದವರೂ ಮಳೆಯ ಮಾತು ಕೇಳಿಯೇ ಕಟ್ಟಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅದರ ಕೆಳಗಿನ ಮಾಡಿಗೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದೆಸಿದ್ದಾರೆ. ಮೇಲಿನ ಅಂತಸ್ತು ಮರದ್ದು, ಅದಕ್ಕೆ ತಾಮ್ರದ ಹೊದಿಕೆ. ಬಯಲುಸೀಮೆಯ ದೇವಸ್ಥಾನದ ಚಪ್ಪಟೆ ಮಾಡು ಇಲ್ಲಿ ನಡೆಯುವುದಿಲ್ಲ. ಭಟ್ಕಳದಲ್ಲಿ 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವಿದೆ. ಅಲ್ಲಿ ಕಂಬಗಳ ನಡುವೆ ಗೋಡೆಯ ಬದಲು ಓರೆಯಾಗಿ ಒಂದರ ಮೇಲೊಂದು ಇಟ್ಟ ಕಲ್ಲಿನ ಪಟ್ಟಿಗಳು. ಗಾಳಿ ಒಳಗೆ ಬರುತ್ತದೆ, ಇರಚಲು ಹೊರಗೇ ಉಳಿಯುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನಮ್ಮ ಜಗಲಿಗೆ ಕಟ್ಟುವ ಸೋಗೆ ತಟ್ಟಿಯನ್ನೇ ಯಾರೋ ಕಲ್ಲಿನಲ್ಲಿ ಮಾಡಿಟ್ಟಿದ್ದಾರೆ ಅನ್ನಿಸಿತು. ಶಿಲ್ಪಿಗಳು ಮರದಲ್ಲೂ ಹುಲ್ಲಿನಲ್ಲೂ ಕಲಿತದ್ದನ್ನು ಕಲ್ಲಿಗೆ ತಂದಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ದೇವರಿಗೆ ಕಲ್ಲು, ತಾಮ್ರ. ಮನುಷ್ಯರಿಗೆ ಹುಲ್ಲು, ಸೋಗೆ. ಅಡಿಕೆ ತೋಟ ಇದ್ದವರಿಗೆ ಸೋಗೆ ತೋಟದಲ್ಲೇ ಸಿಗುತ್ತಿತ್ತು. ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಗದ್ದೆಯಷ್ಟೇ ಇದ್ದವರು ಭತ್ತದ ಹುಲ್ಲು ಹೊದೆಸಿದರು. ಅದೂ ಇಲ್ಲದವರು ಗುಡ್ಡದಿಂದ ಕರಡ ಕೊಯ್ದು ತಂದರು. ಸೋಗೆಯನ್ನು ಚಪ್ಪಟೆಯಾಗಿ ಒತ್ತಿ ಒಣಗಿಸಿ, ಸೂರಿನ ಅಂಚಿನಿಂದ ಹಿಡಿದು ಮೇಲ್ಮೇಲಕ್ಕೆ ವರಸೆ ವರಸೆಯಾಗಿ ಹೊದೆಸಬೇಕು. ಪ್ರತಿ ವರಸೆ ಕೆಳಗಿನದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಬೇಕು. ಮೇಲೆ ಅಡಿಕೆ ದಬ್ಬೆ ಅಡ್ಡ ಇಟ್ಟು ಕಾಡಿನ ಬಳ್ಳಿಯಿಂದ ಬಿಗಿಯಬೇಕು. ಮಾಡಿನ ಓರೆ ಕಡಿದಾಗಿದ್ದಷ್ಟೂ ಒಳ್ಳೆಯದು, ಏಕೆಂದರೆ ಸೋಗೆ ನೀರನ್ನು ತಡೆಯುವುದಿಲ್ಲ, ಬೇಗ ಬೇಗ ಕೆಳಗೆ ದಾಟಿಸುತ್ತದೆ ಅಷ್ಟೆ. ಇಷ್ಟು ಮಾಡಿದರೂ ಒಂದು ಮಳೆಗಾಲ, ಬಹಳವೆಂದರೆ ಎರಡು. ಆಮೇಲೆ ಹೊಗೆ ಹಿಡಿದು ಕಪ್ಪಾದ ಹಳೆಯ ಸೋಗೆ ಗೊಬ್ಬರಗುಂಡಿಗೆ ಹೋಗುತ್ತಿತ್ತು, ಅಲ್ಲಿಂದ ಮತ್ತೆ ತೋಟಕ್ಕೆ.

ಈ ಕೆಲಸಕ್ಕೆ ಪಂಚಾಂಗವೇ ಗಡುವು. ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ, ಮೇ ಎರಡನೆಯ ವಾರ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ. ಘಟ್ಟದ ಮೇಲೆ ಕೃತ್ತಿಕೆಯೊಳಗೆ ಮಾಡು ಮುಗಿಯದ ಮನೆಯವರಿಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ತವರಿನ ತುಳುನಾಡಿನಲ್ಲಿ ಪತ್ತನಾಜೆ, ಅಂದರೆ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಆ ದಿನಕ್ಕೆ ಕೋಲ ನೇಮ ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಾಟ ನೋಡಿದ ಮರುದಿನವೇ ಮಾಡಿನ ಕೆಲಸ ಎಂದು ಅಪ್ಪ ಹೇಳುತ್ತಿದ್ದರು. ಅಂಗಳದ ಚಪ್ಪರ ಬಿಚ್ಚಿ, ಅದರ ಕಂಬ ದಬ್ಬೆಗಳನ್ನು ಹಟ್ಟಿಯ ಅಟ್ಟಕ್ಕೆ ಏರಿಸಿ, ಸೌದೆ ಒಳಗೆ ಹಾಕಿ, ಮಣ್ಣಿನ ಗೋಡೆಯ ಹೊರಮೈಗೆ ಸೋಗೆ ಹೊದೆಸಿ, ಪಡುವಣ ಜಗಲಿಗೆ ತಟ್ಟಿ ಕಟ್ಟಿ ಮುಗಿಸುವಷ್ಟರಲ್ಲಿ ಗುಡುಗು ಕೇಳಿಸುತ್ತಿತ್ತು.

ಯಾರು ಮಾಡುತ್ತಿದ್ದರು ಎಂಬುದನ್ನು ಬಿಟ್ಟು ಈ ಚರಿತ್ರೆ ಹೇಳಬಾರದು. ಸಮ ಹಿಡುವಳಿಯವರ ನಡುವೆ ಮುಯ್ಯಾಳು ಇತ್ತು: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಸೋಗೆ ಹೊದೆಸುವ ದಿನ ಪಾಯಸದ ಊಟ, ಮಕ್ಕಳಿಗೆ ಹಬ್ಬ. ಆದರೆ ದೊಡ್ಡ ಮನೆಗಳ ಮಾಡು ಹತ್ತಿದ್ದು ಒಕ್ಕಲುಗಳು. ಗೇಣಿಯ ಮೇಲೆ ಸಲ್ಲಬೇಕಾದ ಬಿಟ್ಟಿ ಕೆಲಸಗಳಲ್ಲಿ ಇದೂ ಒಂದು. ನಮ್ಮ ಮನೆಯಲ್ಲಿ ಬಹಳ ವರ್ಷ ಕೆಲಸಕ್ಕಿದ್ದ ಅಜ್ಜಿಯೊಬ್ಬರು ಒಮ್ಮೆ ಒಲೆಯ ಮುಂದೆ ಕೂತು ನನಗೆ ಹೇಳಿದ್ದರು: "ಒಡೇರ ಮನೆ ಮುಗ್ದು, ಕೊಟ್ಟಿಗೆ ಮುಗ್ದು, ದೇವಸ್ಥಾನದ್ದು ಮುಗ್ದ ಮೇಲೆ ನಮ್ ಬಿಡಾರ, ಅಮ್ಮಾ. ಮಳೆ ಬೇಗ ಬಂದ ವರ್ಷ ನಮ್ಗೆ ಹಳೇ ಹುಲ್ಲೇ ಗತಿ." ನಾನು ಹೊಕ್ಕ ಮನೆಯೇ ಅವರು ಹೇಳಿದ ಒಡೆಯರ ಮನೆ. ಅದರ ತೊಲೆಗಳು ಇಂದಿಗೂ ಗಟ್ಟಿಯಾಗಿವೆ ಎಂದು ಯಾರಾದರೂ ಹೊಗಳಿದಾಗ ನನಗೆ ಆ ಮಾತು ನೆನಪಾಗುತ್ತದೆ. ಈ ಮನೆ ಒಣಗಿ ಉಳಿದದ್ದಕ್ಕೆ ಇನ್ನೊಂದು ಮನೆ ನೆನೆದಿದೆ.

ಸೋಗೆಗೂ ಕಾರ್ಖಾನೆಯ ಹಂಚಿಗೂ ನಡುವೆ ನಾಡಹಂಚು ಇತ್ತು. ಕುಂಬಾರರು ಚಕ್ರದ ಮೇಲೆ ಕೊಳವೆಯಾಗಿ ತಿರುಗಿಸಿ, ಸೀಳಿ, ಸುಟ್ಟು ಕೊಡುತ್ತಿದ್ದ ಅರ್ಧಗೋಲದ ಹಂಚು. ಒಂದು ವರಸೆ ಅಂಗಾತ, ಅದರ ಮೇಲೆ ಇನ್ನೊಂದು ಬೋರಲು. ಬೆಂಕಿಯ ಭಯ ಹೋಯಿತು, ವರ್ಷ ವರ್ಷ ಹೊಸದಾಗಿ ಹೊದೆಸುವ ಕಷ್ಟವೂ ಹೋಯಿತು. ಆದರೆ ಈ ಹಂಚು ತನ್ನ ಭಾರದಲ್ಲಿ ಸುಮ್ಮನೆ ಕೂತಿರುತ್ತದೆ, ಯಾವುದಕ್ಕೂ ಕಚ್ಚಿಕೊಳ್ಳುವುದಿಲ್ಲ. ಕೋತಿ ಹಾರಿದರೆ, ಬೆಕ್ಕು ಓಡಿದರೆ ಜಾರುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ ಹಂಚು ಕೈಯಾಡಿಸಬೇಕಿತ್ತು. ಕೆಳಗಿಳಿಸಿ, ಕಸ ಗುಡಿಸಿ, ಒಡೆದದ್ದನ್ನು ಬೇರೆ ಮಾಡಿ, ಮತ್ತೆ ಜೋಡಿಸುವುದು.

ಇದನ್ನು ಬದಲಿಸಿದ್ದು ಮಂಗಳೂರು. ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ. ಮತಾಂತರವಾದವರು ಜಾತಿಯ ಜೊತೆಗೆ ಕಸುಬನ್ನೂ ಆಸರೆಯನ್ನೂ ಕಳೆದುಕೊಂಡಾಗ ಅವರಿಗೆ ಕೆಲಸ ಕೊಡಲು ಮಿಷನ್ ನೇಯ್ಗೆ, ಮುದ್ರಣ ಮುಂತಾದವನ್ನು ಶುರುಮಾಡಿತು. ಅಲ್ಲಿನ ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ಜಾರ್ಜ್ ಪ್ಲೆಬ್ಸ್ಟ್ ನದಿ ದಂಡೆಯ ಜೇಡಿಯ ಗುಣ ಕಂಡುಕೊಂಡು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರೊಳಗೊಂದು ಕಚ್ಚಿ ಕೂರುವ ಹಂಚಿನ ಕಲ್ಪನೆ ಯುರೋಪಿನದು. 1841ರಲ್ಲಿ ಆಲ್ಸೇಸ್ ಪ್ರಾಂತ್ಯದ ಜಿಲಾರ್ಡೋನಿ ಸಹೋದರರು ಅದಕ್ಕೆ ಪೇಟೆಂಟ್ ಪಡೆದಿದ್ದರು. ನೇತ್ರಾವತಿ, ಗುರುಪುರ ನದಿಗಳ ಜೇಡಿ, ದೋಣಿಯಲ್ಲಿ ಬರುತ್ತಿದ್ದ ಸೌದೆ, ಪಕ್ಕದಲ್ಲೇ ಬಂದರು, ಮೂರೂ ಕೂಡಿಬಂದವು. 1868ರಲ್ಲಿ ಆಲ್ಬುಕರ್ಕ್ ಕುಟುಂಬದವರ ಕಾರ್ಖಾನೆ ಶುರುವಾಯಿತು, ಅದರ ಹಿಂದೆ ಇನ್ನೂ ಹಲವು. ಮಿಷನ್ನಿನವರೇ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲಿ ಬೇರೆ ಕಾರ್ಖಾನೆ ತೆರೆದರು. ಮಂಗಳೂರಿನ ಹಂಚು ಪೂರ್ವ ಆಫ್ರಿಕಕ್ಕೂ ಹೋಯಿತು, ಆಸ್ಟ್ರೇಲಿಯಕ್ಕೂ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು.

ನಮ್ಮ ಮನೆಯ ಅಡುಗೆಮನೆಯ ಮೇಲೆ ಈಗಲೂ ಇರುವುದು ಬಾಸೆಲ್ ಮಿಷನ್ನಿನ ಹಂಚೇ. ಒಳಮೈಯಲ್ಲಿ ಕಾರ್ಖಾನೆಯ ಹೆಸರು, 1865 ಎಂಬ ಇಸವಿ ಅಚ್ಚಾಗಿದೆ. ಇಸವಿ ಕಾರ್ಖಾನೆಯದು, ಹಂಚಿನದಲ್ಲ. ಹಾಗಾಗಿ ಅದನ್ನು ನೋಡಿ ಮನೆಯ ವಯಸ್ಸು ಲೆಕ್ಕ ಹಾಕುವವರು ದಾರಿ ತಪ್ಪುತ್ತಾರೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಖಣ್ ಎನ್ನುತ್ತದೆ. ಬಿರುಕು ಬಿಟ್ಟಿದ್ದರೆ ದನಿ ಸತ್ತಿರುತ್ತದೆ. ಈ ಹಂಚಿನ ಬೆನ್ನಿಗೆ ರೀಪಿಗೆ ಸಿಕ್ಕಿಕೊಳ್ಳುವ ಕೊಕ್ಕೆ, ಪಕ್ಕದಲ್ಲಿ ನೀರು ದಾಟದಂತೆ ಏಣು ಮತ್ತು ತೋಡು. ಗಾಳಿ ಜೋರಿರುವ ಕಡೆ ತಂತಿಯಿಂದ ಕಟ್ಟಲು ತೂತಿರುವ ಹಂಚೂ ಉಂಟು. ಒಂದು ಹಂಚು ಎರಡೂವರೆ ಮೂರು ಕಿಲೋ ತೂಗುತ್ತದೆ, ನೂರು ಚದರಡಿಗೆ ಸುಮಾರು 150 ಬೇಕು. ಆ ಭಾರವನ್ನು ಬಿದಿರಿನ ಗಳು ಹೊರುವುದಿಲ್ಲ. ಹಂಚು ಬಂದಲ್ಲೆಲ್ಲ ಕೊಯ್ದ ಮರದ ಪಕಾಸಿ, ರೀಪು ಬಂದವು. ಅವನ್ನು ಅಳತೆ ತಪ್ಪದೆ ಕೂರಿಸುವ ಬಡಗಿ ಬಂದ. ರೀಪಿನ ಅಂತರ ಸ್ವಲ್ಪ ಹೆಚ್ಚುಕಡಿಮೆಯಾದರೂ ಹಂಚು ಕಚ್ಚುವುದಿಲ್ಲ. ಸೋಗೆಯ ಮಾಡಿಗೆ ಊರಿನ ಹತ್ತು ಕೈ ಬೇಕಿತ್ತು. ಹಂಚಿನ ಮಾಡಿಗೆ ಬಲ್ಲ ಕೈ ಬೇಕಾಯಿತು.

ಮರೆವು ಶುರುವಾದದ್ದೂ ಇಲ್ಲಿಂದಲೇ ಎಂದು ನನ್ನ ಎಣಿಕೆ. ಹತ್ತಿಪ್ಪತ್ತು ವರ್ಷ ಮಾಡು ಮುಟ್ಟದಿದ್ದರೂ ಮನೆ ನಿಂತಿತು. ಜನ ಅದನ್ನು ಮುಟ್ಟಬೇಕಾಗಿಯೇ ಇಲ್ಲ ಎಂದುಕೊಂಡರು.

ಹಂಚಿನ ಮಾಡು ಸೋರುವುದು ಹೆಚ್ಚಾಗಿ ಹಂಚು ಒಡೆದಲ್ಲಿ ಅಲ್ಲ, ಎರಡು ಮಾಡುಗಳು ಸೇರುವ ತಗ್ಗಿನಲ್ಲಿ. ತೊಟ್ಟಿಮನೆಯ ನಾಲ್ಕು ಮಾಡುಗಳ ಒಳಭಾಗದ ನೀರೆಲ್ಲ ತೊಟ್ಟಿಯ ಕಡೆಗೆ ಇಳಿಯುತ್ತದೆ. ಹಾಗಾಗಿ ಒಳಮೂಲೆಗಳು ನಾಲ್ಕು, ಅಲ್ಲಿ ನಾಲ್ಕು ತಗಡಿನ ಕಾಲುವೆ. ಹಲಸಿನ ಎಲೆ, ಹಾವಸೆ, ಇಲಿಯ ಗೂಡು ಸೇರಿ ಒಂದು ಕಾಲುವೆ ಕಟ್ಟಿತೆಂದರೆ ನೀರು ಪಕ್ಕದ ಹಂಚಿನಡಿಗೆ ಹಿಂದಕ್ಕೆ ನುಗ್ಗುತ್ತದೆ, ಪಕಾಸಿಯ ಬೆನ್ನು ಹಿಡಿದು ಇಳಿಯುತ್ತದೆ, ಎಲ್ಲಿ ಗಂಟು ಸಿಕ್ಕಿತೋ ಅಲ್ಲಿ ತೊಟ್ಟಿಕ್ಕುತ್ತದೆ. ನಮ್ಮ ಮನೆಗೆ ಹಂಚು ಸರಿಮಾಡಲು ಬರುವ ಮೇಸ್ತ್ರಿ ನಾನು ಪಾತ್ರೆ ಇಟ್ಟ ಜಾಗವನ್ನು ನೋಡುವುದೇ ಇಲ್ಲ. "ನೀರು ಬೀಳೋ ಜಾಗ ಬಿಡಿ ಅಮ್ಮಾ, ಹುಟ್ಟೋ ಜಾಗ ನೋಡ್ಬೇಕು" ಎಂದು ಅಟ್ಟ ಹತ್ತುತ್ತಾನೆ. ಕೈಯಲ್ಲಿ ಟಾರ್ಚ್. ಪಕಾಸಿಯ ಮೇಲೆ ನೀರು ಹರಿದ ಬಿಳಿ ಗೆರೆಯನ್ನು ಮೇಲಕ್ಕೆ ಹುಡುಕುತ್ತಾ ಹೋಗಿ, ಹತ್ತಡಿ ಆಚೆ ಜಾರಿದ ಒಂದು ಹಂಚನ್ನು ಹಿಡಿಯುತ್ತಾನೆ. ಹೊರಗೆ ಹೋಗಿ ಮಾಡು ಹತ್ತುವುದು ಕೊನೆಗೆ. ಕಾಲಿಡುವುದು ಹಂಚಿನ ನಡುವೆ ಅಲ್ಲ, ರೀಪು ಇರುವ ಕಡೆ. ಮಾಡಿನ ನೆತ್ತಿಯ ಮೂಲೆಹಂಚುಗಳ ಸುಣ್ಣದ ಗಾರೆ ಬಿರುಕು ಬಿಟ್ಟಿದೆಯೇ ನೋಡಿ, ಇಳಿಯುವಾಗ ತಗ್ಗಿನ ಕಸ ಎತ್ತಿಕೊಂಡು ಬರುತ್ತಾನೆ. ಈ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲ. ಅವನ ಅಪ್ಪ ಈ ಮಾಡನ್ನೇ ಹತ್ತುತ್ತಿದ್ದ. ಅವನ ಮಗ ಶಿವಮೊಗ್ಗದಲ್ಲಿ ಕಾರು ಓಡಿಸುತ್ತಾನೆ, ಆ ಹುಡುಗನನ್ನು ಯಾರು ತಾನೇ ದೂರಲು ಸಾಧ್ಯ?

ಅತ್ತೆ ಮಾಡಿಗಿಂತ ಹೆಚ್ಚು ಹೆದರುತ್ತಿದ್ದದ್ದು ಮನೆಯ ಹಿಂದಿನ ಧರೆಗೆ. ಗುಡ್ಡ ಕಡಿದು ಸಮಮಾಡಿದ ಜಾಗದಲ್ಲೇ ಇಲ್ಲಿನ ಮನೆಗಳೆಲ್ಲ. ಧರೆಯ ನೆತ್ತಿಯ ಮೇಲೆ, ಅಂಚಿನಿಂದ ಸಾಕಷ್ಟು ಹಿಂದೆ, ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯೊಂದು ಇರುತ್ತದೆ. ರೋಹಿಣಿ ಮಳೆಯೊಳಗೆ ಅದನ್ನು ಗುದ್ದಲಿಯಿಂದ ಕೆತ್ತಿಸದೆ ಅತ್ತೆ ಬೇರೆ ಕೆಲಸಕ್ಕೆ ಆಳು ಬಿಡುತ್ತಿರಲಿಲ್ಲ. ಆ ಕಾಲುವೆ ಮುಚ್ಚಿದರೆ ನೀರು ಧರೆಯೊಳಗೆ ಇಂಗಿ, ಪುಷ್ಯ ಆಶ್ಲೇಷದ ಹೊತ್ತಿಗೆ ಮಣ್ಣು ಭಾರವಾಗಿ ಕುಸಿಯುತ್ತದೆ. ಅಥವಾ ಮನೆಯ ನೆಲದಲ್ಲೇ ಜಲ ಒಡೆಯುತ್ತದೆ. ಅದಕ್ಕೆಂದೇ ತೊಟ್ಟಿಯಿಂದ ಹೊರಕ್ಕೆ, ಕೋಣೆಗಳ ಅಡಿಯಲ್ಲೇ, ಕಲ್ಲು ಹಾಸಿ ಮುಚ್ಚಿದ ಮೋರಿ ಇದೆ. ಅಂಗಳದ ಓರೆಯೂ ಮನೆಯಿಂದ ಆಚೆಗೆ. ಸೂರಿನ ನೀರು ಬೀಳುವ ಗೆರೆಗೆ ಚಪ್ಪಡಿ ಹಾಕಿ, ಗೋಡೆಯ ಬುಡಕ್ಕೆ ಕೆಸರು ಸಿಡಿಯದಂತೆ ಮಾಡಿದ್ದಾರೆ. ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಯನ್ನು ಬಾಗಿಲ ಮೇಲಿನ ಸೂರಿಗೆ ಕಟ್ಟುವುದು ನನ್ನ ಕಾಲಕ್ಕೂ ಇತ್ತು. ಈಗ ಪ್ಲಾಸ್ಟಿಕ್ ಪೈಪು ಸೀಳಿ ಕಟ್ಟುತ್ತೇವೆ, ಕೆಲಸ ಅದೇ.

ಹೊಳೆಯ ದಂಡೆಯ ಕಥೆ ಬೇರೆ. ಅಲ್ಲಿ ನೀರು ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಏರುವ ಹೆದರಿಕೆ. 1923ರಲ್ಲಿ ನೇತ್ರಾವತಿ ಉಕ್ಕಿದ್ದನ್ನು ನಮ್ಮ ಕಡೆ ಇವತ್ತಿಗೂ ಮಾರಿಬೊಳ್ಳ ಎನ್ನುತ್ತಾರೆ. ಉಪ್ಪಿನಂಗಡಿ, ಬಂಟ್ವಾಳ, ಪಾಣೆಮಂಗಳೂರಿನ ಪೇಟೆಗಳು ಮುಳುಗಿದವು. ನೆನೆದ ಮಣ್ಣಿನ ಗೋಡೆ ನೀರಿರುವಾಗ ನಿಲ್ಲುತ್ತದೆ, ಇಳಿದ ಮೇಲೆ ಬೀಳುತ್ತದೆ. ಜನ ಮನೆಗೆ ಮರಳಿದ ಹೊತ್ತಿಗೆ ಬಿದ್ದ ಗೋಡೆಗಳ ಮಾತನ್ನು ನನ್ನ ಅಜ್ಜಿ ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳುತ್ತಿದ್ದರು. ಕೈಲಾದವರು ಮುರಕಲ್ಲಿನಲ್ಲಿ, ಎತ್ತರದ ಜಗಲಿ ಇಟ್ಟು ಮನೆ ಕಟ್ಟಿಕೊಂಡರು. ಮುರಕಲ್ಲು ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಿಲಾವು ಆ ತೇವವನ್ನು ಹೊರಗೆ ಹೋಗಲು ಬಿಡುತ್ತದೆ. ಇತ್ತೀಚೆಗೆ ಅಂಥ ಗೋಡೆಗೆ ಸಿಮೆಂಟು ಮೆತ್ತಿ, ಮೇಲೆ ಎಣ್ಣೆಬಣ್ಣ ಬಳಿಯುತ್ತಾರೆ. ತೇವಕ್ಕೆ ದಾರಿ ಇಲ್ಲದೆ ಅದು ಒಳಗಿನ ಮುಖಕ್ಕೆ ಬರುತ್ತದೆ. ಬಣ್ಣ ಗುಳ್ಳೆಯೇಳುತ್ತದೆ, ಗೋಡೆಯೊಳಗಿನ ಮರದ ಚೌಕಟ್ಟು ಕೊಳೆಯುತ್ತದೆ. ಹಳೆಯ ಮನೆಗೆ ಒಳ್ಳೆಯದು ಮಾಡಬೇಕೆಂದು ಹೊರಟವರೇ ಹೀಗೆ ಅದನ್ನು ಕೊಲ್ಲುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

1974ರಲ್ಲಿ ನೇತ್ರಾವತಿ ಮತ್ತೆ ದೊಡ್ಡದಾಗಿ ಉಕ್ಕಿತು. ಆ ವರ್ಷವೇ ರಾಜ್ಯದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಉಳುವವನು ಹೊಲದೊಡೆಯನಾದ. ದೊಡ್ಡ ಮನೆಗಳ ಮಾಡಿನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ದೊಡ್ಡ ಘಟನೆ. ಬಿಟ್ಟಿ ನಿಂತಿತು, ನಿಲ್ಲಲೇಬೇಕಿತ್ತು. ಒಕ್ಕಲುಗಳು ಮೊದಲು ತಮ್ಮ ಮಾಡು ಹೊದೆಸಿಕೊಂಡರು, ಕೈಗೆ ನಾಲ್ಕು ಕಾಸು ಬಂದಂತೆ ಹಂಚನ್ನೂ ಹಾಕಿಸಿಕೊಂಡರು. ಅತ್ತ ದೊಡ್ಡ ಮನೆಯವರು ಕೂಲಿ ಕೊಟ್ಟು ಮಾಡಿಸುವುದನ್ನು ಕಲಿಯಬೇಕಾಯಿತು. ಕೆಲವರು ಕಲಿತರು. ಹಲವರು ಮುಂದಿನ ವರ್ಷ ನೋಡೋಣ ಎಂದರು, ಅಣ್ಣತಮ್ಮಂದಿರು ಪಾಲಾದರು, ಮಾಡಿನ ತಗ್ಗಿನ ಕಾಲುವೆ ಯಾರ ಪಾಲಿಗೆ ಸೇರಿದ್ದು ಎಂಬ ಜಗಳದಲ್ಲೇ ಪಡಸಾಲೆ ಬಿದ್ದ ಮನೆಯೊಂದು ನಮ್ಮೂರಿನಲ್ಲೇ ಇದೆ. ಹಳೆಯ ಮನೆಗಳು ಹಾಳಾದದ್ದಕ್ಕೆ ಈ ಕಾಯ್ದೆಯನ್ನು ಬೈಯುವವರ ಮಾತಿಗೆ ನಾನು ಒಪ್ಪುವುದಿಲ್ಲ. ಪುಕ್ಕಟೆ ದುಡಿಮೆಯಿಂದಷ್ಟೇ ಉಳಿಯಬಲ್ಲ ಮನೆಯನ್ನು ಆ ದುಡಿಮೆಯ ಮೇಲೆ ಸುಖವಾಗಿದ್ದವರೇ ಉಳಿಸಿಕೊಳ್ಳಬೇಕಿತ್ತು.

ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬಾರದೆ ಆಯಿತು. ಅಡುಗೆಮನೆಗೆ ಗ್ಯಾಸ್ ಬಂತು, ಬಚ್ಚಲಿಗೆ ಸೋಲಾರ್ ಬಂತು, ಹೊಗೆ ನಿಂತಿತು. ಹೆಂಗಸರ ಕಣ್ಣು, ಎದೆ ಉಳಿದವು. ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಆ ಹೊಗೆ ಮಳೆಗಾಲವಿಡೀ ಅಟ್ಟವನ್ನು ಬೆಚ್ಚಗೆ ಒಣಗಿಸುತ್ತಿತ್ತು, ಪಕಾಸಿಗೆ ಮಸಿ ಹಿಡಿಸಿ ಕುಟ್ಟೆಹುಳವನ್ನು ದೂರ ಇಡುತ್ತಿತ್ತು. ಅದರ ಬದಲಿಗೆ ಈಗ ನಾವೇ ಏನಾದರೂ ಮಾಡಬೇಕು. ನಾನು ಅಟ್ಟದ ಕಿಂಡಿಗಳನ್ನು ಮುಚ್ಚಲು ಬಿಡುವುದಿಲ್ಲ, ಗಾಳಿಯಾಡುವುದಕ್ಕೆ ಅಡ್ಡವಾದ ಹಳೆಯ ಸಾಮಾನು ಅಲ್ಲಿ ಪೇರಿಸಲು ಬಿಡುವುದಿಲ್ಲ. ಮಳೆಗಾಲಕ್ಕೆ ಮೊದಲು ಪಕಾಸಿಗಳಿಗೆ ಗೇರು ಎಣ್ಣೆ ಹಚ್ಚಿಸುತ್ತೇನೆ. ಅದು ಕೈಗೆ ತಾಗಿದರೆ ಸುಡುತ್ತದೆ, ಹಚ್ಚುವವರಿಗೆ ಕೈಗವಸು ಕೊಡದೆ ಹಚ್ಚಿಸಬಾರದು.

ಈಗ ಹೊಸನಗರದಿಂದ ತೀರ್ಥಹಳ್ಳಿಯ ದಾರಿಯಲ್ಲಿ ನೋಡಿದರೆ ತಾರಸಿ ಮನೆಗಳ ಮೇಲೆಲ್ಲ ಕಬ್ಬಿಣದ ಕಂಬ ನಿಲ್ಲಿಸಿ, ಬಣ್ಣದ ಶೀಟಿನ ಇಳಿಜಾರು ಮಾಡು. ಬಯಲುಸೀಮೆಯ ನಕ್ಷೆ ತಂದು ಕಟ್ಟಿದ ಚಪ್ಪಟೆ ತಾರಸಿ ನಾಲ್ಕೈದು ಮಳೆಗಾಲದಲ್ಲಿ ಸೋರತೊಡಗಿದಾಗ ಜನ ಮೂಡುಬಿದಿರೆಯ ಶಿಲ್ಪಿಗಳು ಮಾಡಿದ್ದನ್ನೇ ತಗಡಿನಲ್ಲಿ ಮಾಡಿದರು. ನನಗೆ ಶೀಟಿನ ಮೇಲೆ ಮಳೆ ಬೀಳುವ ಸದ್ದು ಸಹಿಸಲಾಗದು. ಆದರೂ ಅದನ್ನು ಹಾಕಿಸಿದವರು ಮಳೆಯನ್ನು ಅರ್ಥ ಮಾಡಿಕೊಂಡಿದ್ದಾರೆ ಎನ್ನುತ್ತೇನೆ. ಧರೆಯ ವಿಷಯದಲ್ಲಿ ಆ ತಿಳಿವಳಿಕೆ ಇನ್ನೂ ಬಂದಿಲ್ಲ: ಜೆಸಿಬಿ ತಂದು ಗೋಡೆಯಷ್ಟು ನೆಟ್ಟಗೆ ಕಡಿಸುತ್ತಾರೆ, ನೆತ್ತಿಯ ಮೇಲೆ ಕಾಲುವೆ ತೆಗೆಸುವುದಿಲ್ಲ.

ಹಳೆಯ ಹಂಚಿನ ಮನೆ ಇಟ್ಟುಕೊಂಡವರಿಗೆ ಇವತ್ತಿನ ದೊಡ್ಡ ತೊಡಕು ಹಂಚೇ. ಜೇಡಿ ತೆಗೆಯಲು ಗದ್ದೆ ಸಿಗುವುದಿಲ್ಲ, ಸೌದೆ ದುಬಾರಿ, ಮಂಗಳೂರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರದಕ್ಕೆ ಕಚ್ಚುವುದಿಲ್ಲ, ಅರ್ಧ ಬೆರಳಿನ ವ್ಯತ್ಯಾಸ ಸಾಕು ಇರಚಲು ಒಳಗೆ ಬರಲು. ಅದಕ್ಕೆ ಊರಿನ ಸುತ್ತ ಯಾರಾದರೂ ಮನೆ ಕೆಡವುತ್ತಾರೆಂದು ಕೇಳಿದರೆ ನಾನು ಒಂದು ಹಂಚು ಕೈಯಲ್ಲಿ ಹಿಡಿದು ಹೋಗುತ್ತೇನೆ. ಅಲ್ಲಿಯದರ ಜೊತೆ ಜೋಡಿಸಿ ನೋಡಿ, ಕಚ್ಚಿದರೆ ಅಷ್ಟನ್ನೂ ಕೊಂಡು ತರುತ್ತೇನೆ. ಕೊಟ್ಟಿಗೆಯ ಗೋಡೆಗೆ ಒರಗಿಸಿ ನಿಲ್ಲಿಸಿಟ್ಟಿದ್ದೇನೆ, ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ. ಬೇಕಾದವರು ತಮ್ಮ ಮನೆಯದೊಂದು ಹಂಚು ತಂದು ಜೋಡಿಸಿ ನೋಡಬಹುದು. ಬರುವುದಾದರೆ ಕೃತ್ತಿಕೆಯೊಳಗೆ ಬನ್ನಿ, ಆಮೇಲೆ ಮೇಸ್ತ್ರಿ ಸಿಗುವುದಿಲ್ಲ.